ಮಾಗ್ದಲೇನಾಳ ಸವೆದ ಕಾಲು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ಸಾಲವು, ಓದುವವರು ಸಹಿಸಿಕೊಳ್ಳಬೇಕು. ಪಕ್ಕದ ಮನೆಯ ಲುಮಿಂಗಕ್ಕನ ಬಗ್ಗೆ ಊರಿನಲ್ಲಿ ಇನ್ನೂ ಏನೇನೋ ಮಾತು ಓಡಾಡುತ್ತಿವೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಲಗೂನಾ ಸರೋವರದ ದಡದ ನಮ್ಮೂರಿನಲ್ಲಿ ಲುಮಿಂಗ್ ಮಾಡದ ಕೆಲಸವಿಲ್ಲ. ಮರ ಕೆತ್ತುತ್ತಾಳೆ, ಹಳೆಯ ಕಾಗದ ಅಂಟಿಸಿ ಕುದುರೆ ಮಾಡುತ್ತಾಳೆ, ಜೀಪ್ನಿ ಬಸ್ಸುಗಳ ಮೈಮೇಲೆ ಹುಂಜ ಬಿಡಿಸುತ್ತಾಳೆ, ಪವಿತ್ರ ವಾರದ ಯೇಸುವಿನ ನಾಟಕಕ್ಕೆ ಪದ್ಯ ಕಟ್ಟುತ್ತಾಳೆ. ಒಂದೇ ಕೆಲಸ ಮಾಡುವವರನ್ನು ಊರು ನಂಬುತ್ತದೆ. ಇಷ್ಟೆಲ್ಲ ಬಲ್ಲವಳ ಮೇಲೆ ಒಂದು ಕಣ್ಣಿಟ್ಟೇ ಇರುತ್ತದೆ.

ಅಂಥವಳ ಕೈಗೆ ಈ ಸಲ ಊರಿನ ಹಿರಿಯರಾದ ಮಾಂಗ್ ತೆಬಾನ್ ತಮ್ಮ ಮನೆಯ ಮಾಗ್ದಲೇನಾಳ ಮರದ ವಿಗ್ರಹವನ್ನು ದುರಸ್ತಿಗೆ ಕೊಟ್ಟರು. ಮುತ್ತಜ್ಜನ ಕಾಲದಿಂದ ಆ ಸಂತಳಿಗೆ ಬಟ್ಟೆ ಉಡಿಸಿ, ಶುಭ ಶುಕ್ರವಾರ ಮೆರವಣಿಗೆಗೆ ಕಳಿಸುವುದು ಅವರ ಮನೆಯವರೇ. ಬಣ್ಣ ಏಳುತ್ತಿತ್ತು, ಸೊಂಟಕ್ಕೆ ಗೆದ್ದಲು ಹಿಡಿದಿತ್ತು. ಇದೊಂದು ಚೆನ್ನಾಗಿ ಆದರೆ ಊರಿನ ಸಂತರೆಲ್ಲ ತನ್ನ ಉಳಿಗೆ ಬರುತ್ತಾರೆ, ಕೆಟ್ಟರೆ ಯಾರೂ ತನ್ನ ಬಾಗಿಲು ತಟ್ಟುವುದಿಲ್ಲ ಎಂದು ಲುಮಿಂಗ್‌ಗೆ ಗೊತ್ತಿತ್ತು.

ಗೆದ್ದಲು ತೆಗೆದಳು, ಕೆನ್ನೆಗೆ ಬಣ್ಣ ಕೊಟ್ಟಳು. ಕೊನೆಗೆ ಬಲಗಾಲು ನೋಡಿದಳು. ಭಕ್ತರ ಕರವಸ್ತ್ರ ಉಜ್ಜಿ ಉಜ್ಜಿ ಬೆರಳುಗಳೇ ಹೋಗಿ, ಚಮಚದ ಹಾಗೆ ತಗ್ಗು ಬಿದ್ದಿತ್ತು. ಜನ ಒರೆಸುವುದನ್ನು ಅವಳೂ ಕಂಡವಳೇ. ಆದರೆ ಕೆತ್ತುವವಳ ಕಣ್ಣಿಗೆ ಅದು ಬರೀ ಸವೆತ. ಬತಿಕುಲಿಂಗ್ ಮರದಲ್ಲಿ ಹೊಸ ಬೆರಳು ಕೆತ್ತಿ, ತಗ್ಗಿನ ಮೇಲೆ ಅಂಟಿಸಿದಳು.

ಶುಭ ಶುಕ್ರವಾರಕ್ಕೆ ಐದು ದಿನ ಮುಂಚೆ, ಗರಿಗಳ ಭಾನುವಾರ, ಹೆಂಗಸರು ಬಟ್ಟೆ ಉಡಿಸಲು ತೆಬಾನರ ಮನೆಯಲ್ಲಿ ಸೇರಿದರು. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಲೋಲಾ ಓಪೆಂಗ್ ವಾಡಿಕೆಯಂತೆ ವಿಗ್ರಹದ ಕಾಲು ಒರೆಸಿ, ಆ ಕರವಸ್ತ್ರವನ್ನು ತನ್ನ ನೋಯುವ ಮಂಡಿಗೆ ಒತ್ತಿಕೊಳ್ಳಲು ಹೋದವಳು ನಿಂತುಬಿಟ್ಟಳು.

“ಯಾರಿವಳು?”

“ನಮ್ಮ ಮಾಗ್ದಲೇನಾನೇ, ಲೋಲಾ. ಕಣ್ಣು ಮಂಜಾಯ್ತಾ?” ಎಂದು ಲುಮಿಂಗ್ ನಕ್ಕಳು.

“ಕಣ್ಣು ಮಂಜಾದ್ರೆ ಕೈಯೂ ಮಂಜಾಗತ್ತೇನೇ? ನಮ್ಮಮ್ಮ ಒರೆಸಿದ ಕಾಲು ಇದಲ್ಲ.”

ಹೆಂಗಸರು ಹತ್ತಿರ ಬಂದು ಕಾಲು ನೋಡಿದರು. “ಹೋದ ತಿಂಗಳು ಮನಿಲಾದಿಂದ ಇವಳ ಮನೆಗೆ ವ್ಯಾನ್ ಬಂದಿತ್ತಲ್ವಾ? ನಮ್ಮವಳನ್ನ ಅದರಲ್ಲಿ ಮಾರಿ, ನಕಲು ಕೊಟ್ಟಳೇನೋ!” ಎಂದಳು ಒಬ್ಬಳು.

“ಕಾಗದದ ಕುದುರೆ ಒಯ್ಯೋಕೆ ಬಂದಿದ್ರು!” ಎಂದಳು ಲುಮಿಂಗ್.

“ನಾಟಕ ಬರೆಯೋಳು. ಕಥೆ ಕಟ್ಟೋದನ್ನ ನಾವು ಹೇಳಿಕೊಡ್ಬೇಕಾ?” ಎಂದಳು ಇನ್ನೊಬ್ಬಳು.

ತೆಬಾನ್ ವಿಗ್ರಹಕ್ಕೆ ಬಟ್ಟೆ ಮುಚ್ಚಿದರು. “ಇದು ಮೆರವಣಿಗೆಗೆ ಹೊರಡಲ್ಲ. ನಮ್ದೆಲ್ಲಿದ್ಯೋ ತಗೊಂಬಾ.”

ಮರುದಿನದಿಂದ ಬ್ರೆಡ್ಡಿನಂಗಡಿಯವಳು ಮಾತಿಲ್ಲದೆ ಪಾನ್ದೆಸಾಲ್ ಕಟ್ಟಿಕೊಟ್ಟಳು. ಲುಮಿಂಗ್ ಬೀದಿಗಿಳಿದರೆ ಕಿಟಕಿಯ ಪರದೆಗಳು ಕದಲುತ್ತಿದ್ದವು. ಇಗರ್ಜಿಯಲ್ಲಿ ಕೂತು, ಬೇರೆ ಸಂತರ ಕಾಲುಗಳನ್ನು ಜನ ಕಣ್ಣು ಮುಚ್ಚಿ ತಡವುವುದನ್ನು ನೋಡಿದಳು. ತಾನು ಎಲ್ಲಿ ಎಡವಿದೆನೆಂದು ಆಗ ತಿಳಿಯಿತು.

ಬುಧವಾರ ಬಿಸಿನೀರಿನ ಕೆಟಲ್ ಹಿಡಿದು ತೆಬಾನರ ಮನೆಗೆ ಹೋದಳು. “ಲೋಲಾ ಓಪೆಂಗ್‌ನ ಕರೆಸಿ,” ಎಂದಳು. ಎಲ್ಲರ ಎದುರು ವಿಗ್ರಹದ ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಅಂಟು ಮೆತ್ತಗಾಗುವವರೆಗೆ ಕಾದು, ತಾನು ಕೆತ್ತಿದವುಗಳಲ್ಲೇ ಅತಿ ಚೆಂದದ ಆ ಬೆರಳುಗಳನ್ನು ಕಿತ್ತಳು. ಅಡಿಯಲ್ಲಿ ಹಳೆಯ ತಗ್ಗು ಹಾಗೇ ಇತ್ತು. ಮುದುಕಿಯ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು.

“ಬಂದ್ಯಾ ತಾಯಿ,” ಎಂದಳು ಲೋಲಾ, ವಿಗ್ರಹಕ್ಕೆ.

ತೆಬಾನ್ ಮಾತ್ರ ಸುತ್ತು ಹಾಕಿ ನೋಡಿದರು. “ಕಾಲು ನಮ್ದೇ. ಮುಖ?”

“ಮುಖಾನೂ ಬಿಸಿನೀರಲ್ಲಿ ತೊಳೀಲಾ, ಮಾಂಗ್ ತೆಬಾನ್?”

“ಬೇಡ್ವೇ ಬೇಡ!” ಎಂದು ಹಾರಿಬಿದ್ದರು. ಹೆಂಗಸರು ನಕ್ಕರು. ತೆಬಾನ್ ಹೊಸ ಬೆರಳುಗಳನ್ನು ತಮ್ಮ ಜೇಬಿಗೆ ಹಾಕಿಕೊಂಡರು. “ಇವು ನನ್ನ ಹತ್ರಾನೇ ಇರ್ಲಿ. ನೀನು ಇನ್ನೊಂದು ಮಾಗ್ದಲೇನಾ ಮಾಡಿ ಅಂಟಿಸಿಬಿಟ್ರೆ?”

ಶುಕ್ರವಾರ ಮಾಗ್ದಲೇನಾ ಹೊರಟಳು. ತೆಬಾನ್ ಪಕ್ಕದಲ್ಲೇ ನಡೆದರು, ಕಣ್ಣು ಮಾತ್ರ ಲುಮಿಂಗ್ ಮೇಲೆ. ಇಗರ್ಜಿಯ ಬಾಗಿಲಲ್ಲಿ ಗೊಣಗಿದರು: “ಮುಂದಿನ ವರ್ಷ ಕೆಲಸ ನಮ್ಮಂಗಳದಲ್ಲೇ. ನನ್ನ ಕಣ್ಣೆದುರೇ.”

“ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ,” ಎಂದಳು ಲುಮಿಂಗ್.

ನಾಳೆ ಇದನ್ನು ಲುಮಿಂಗಕ್ಕನಿಗೆ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ, ದುಂಡಗಿನ ಅಕ್ಷರದಲ್ಲಿ ಇನ್ನೊಮ್ಮೆ ಬರೆಯುತ್ತೇನೆ.