ಮೂರು ಮೂಲೆಯೂ ನೆನೆಸದ ಲೈನಿಂಗೂ

ಹಲಸೂರಿನ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಕೆಳಗೆ ಚಿಂದಿಯ ಗುಡ್ಡೆ ಇದ್ದೇ ಇರುತ್ತದೆ. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಹುಟ್ಟಿರುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಶಿವಾಜಿನಗರದಿಂದ ತಂದ ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲಷ್ಟೇ ಕತ್ತರಿ ಮುಟ್ಟಿಸುವವಳು. ಒಗೆದ ಮೇಲೆ ಬಿಗಿಯಾಯಿತೆಂದು ನಾನು ಹೊಲಿದ ರವಿಕೆಯನ್ನು ಯಾರೂ ವಾಪಸು ತಂದಿಲ್ಲ. ಈ ಜಂಬ ನನಗಿದೆ, ಇರಲಿ ಬಿಡಿ.

ತೊಂಬತ್ತರ ದಶಕದ ಕೊನೆಗೆ, ಬಿ.ಎ. ಮುಗಿಸಿದ ಮೊಮ್ಮಗಳು ನಳಿನಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತೇನೆಂದು ಹಟ ಹಿಡಿದಳು. ಅದೇನು ಅನ್ನ ಹಾಕುತ್ತದೆ, ಟೈಪಿಂಗ್ ಕಲಿಯಲಿ ಎಂದ ನನ್ನ ಮಗ, ಕಡೆಗೆ ತೀರ್ಮಾನವನ್ನು ನನ್ನ ತಲೆಗೇ ಕಟ್ಟಿದ. ಅದರಲ್ಲೇನಿದೆ ಎಂದು ಅವಳನ್ನು ಕೇಳಿದೆ. ಕಣ್ಣು ಕಿವಿ ಮೋಸ ಮಾಡುತ್ತವೆ, ನಿಜವಾದ ತಿಳಿವು ಬುದ್ಧಿಯೊಂದರಿಂದಲೇ ಹುಟ್ಟುತ್ತದೆ ಎಂದು ವಾದಿಸಿದವರಿದ್ದಾರಂತೆ. ಅಗುಳು ಹಿಸುಕದೆ ಅನ್ನ ಬೆಂದಿದೆ ಎನ್ನುವ ಜನ ಎಂದು ನಕ್ಕೆ.

ಅವಳು ನಗಲಿಲ್ಲ. ಚಿಂದಿಯಿಂದ ಮೂರು ಮೂಲೆಯ ತುಂಡೊಂದನ್ನು ಎತ್ತಿ, ಮೂಲೆಗಳನ್ನು ಕತ್ತರಿಸಿ, ಮೂರರ ತುದಿಗಳನ್ನೂ ಒಂದೇ ಚುಕ್ಕೆಗೆ ಕೂಡಿಸಿ ನೆಲದ ಮೇಲೆ ಜೋಡಿಸಿದಳು. ಮೂರೂ ಸೇರಿದ ಅಂಚು ಗೆರೆ ಎಳೆದಂತೆ ನೆಟ್ಟಗಿತ್ತು.

"ಯಾವ ತುಂಡಾದ್ರೂ ತಗೋ ಅಜ್ಜಿ, ಹೀಗೇ ಬರತ್ತೆ. ನೋಡದೇನೇ ಹೇಳ್ತೀನಿ."

ಇವಳನ್ನು ಸೋಲಿಸಿಯೇ ಏಳುವುದೆಂದು ಮಧ್ಯಾಹ್ನವೆಲ್ಲ ನಾನೇ ಮೂಲೆ ಕತ್ತರಿಸಿ ಜೋಡಿಸುತ್ತಾ ಕೂತೆ. ಉದ್ದನೆಯದು, ಮೊಂಡು, ಸೂಜಿಯಂಥದ್ದು, ಎಲ್ಲದರದ್ದೂ ಅದೇ ಗೆರೆ. ಗುಡ್ಡೆಯೇ ಮುಗಿಯಿತು. ಆಗ ಹೊಳೆಯಿತು ನೋಡಿ: ನನ್ನ ಕೈ ಕಂಡದ್ದು ಈ ಗುಡ್ಡೆಯನ್ನು ಮಾತ್ರ, ನಾಳೆ ಕತ್ತರಿಸಲಿರುವ ತುಂಡೂ ತಪ್ಪುವುದಿಲ್ಲವೆಂದು ಹೇಳುವುದಕ್ಕೆ ಕೈಗೆ ಬಾಯಿಲ್ಲ. ಅದನ್ನು ಹೇಳಬೇಕಾದದ್ದು ಬುದ್ಧಿಯೇ.

ಹಾಗೆಂದು ಸುಮ್ಮನೆ ಬಿಡುವವಳು ನಾನಲ್ಲ. ಹೊಸ ಲೈನಿಂಗ್ ತುಂಡನ್ನು ಅವಳ ಮಡಿಲಿಗೆ ಹಾಕಿದೆ.

"ನಿನ್ನ ಬುದ್ಧಿನೇ ಕೇಳಿ ಹೇಳು. ಇದು ನೆನೆಸಿದ್ರೆ ಎಷ್ಟು ಬೆರಳು ಕುಗ್ಗತ್ತೆ?"

ಬಾಯಿಗೆ ಬಂದದ್ದು ಹೇಳಿದ್ದರೆ ಟೈಪಿಂಗ್ ಕ್ಲಾಸಿಗೇ ಕಳಿಸುತ್ತಿದ್ದೆ. ಅವಳು ಬಟ್ಟೆಯನ್ನು ತಿರುವಿ ತಿರುವಿ ನೋಡಿದಳು.

"ಗೊತ್ತಿಲ್ಲ ಅಜ್ಜಿ. ಎಷ್ಟು ಯೋಚನೆ ಮಾಡಿದ್ರೂ ಇದು ಬರಲ್ಲ, ನೀರಿಗೆ ಹಾಕೇ ನೋಡ್ಬೇಕು. ಬುದ್ಧಿಯೊಂದೇ ಸಾಕು ಅಂದೋರನ್ನ ಒಪ್ಪದೋರು ಕೇಳಿದ್ದೂ ಇದನ್ನೇ."

ದೊಡ್ಡ ದೊಡ್ಡವರು ಪುಸ್ತಕ ಬರೆದು ಕೇಳಿದ್ದನ್ನು ನಾನು ಕಾಲು ಗಜ ಬಟ್ಟೆಯಲ್ಲಿ ಕೇಳಿದ್ದೆ! ಅದಕ್ಕಿಂತ ಹೆಚ್ಚಿನ ಹೆಮ್ಮೆ, ಬುದ್ಧಿ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿಂದಾಚೆ ನೀರೇ ಬೇಕು ಎಂದು ಹುಡುಗಿ ಗುರುತು ಹಾಕಿದ್ದಕ್ಕೆ. ಓದಲಿ ಎಂದು ಮಗನಿಗೆ ಹೇಳಿದೆ.

ಈಗಲೂ ಲೈನಿಂಗ್ ನೆನೆಸದೆ ಕತ್ತರಿ ಹಿಡಿಯುವುದಿಲ್ಲ. ಗುಡಿಸುವಾಗ ಮೂರು ಮೂಲೆಯ ಚಿಂದಿ ಸಿಕ್ಕರೆ ಮಾತ್ರ ಜೋಡಿಸಿ ನೋಡುವುದಿಲ್ಲ, ಗೆರೆ ನೆಟ್ಟಗೇ ಬರುತ್ತದೆಂದು ಗೊತ್ತು.