ಅರ್ಧಕ್ಕೆ ನಿಂತ ಅಕ್ಕನ ಸ್ವರ

ಮಾತೇ ನಿಲ್ಲಿಸಲಿದ್ದ ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು ಅಕ್ಕನ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದೆ. ಇನ್ನು ಮುಂದೆ ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವಳದೇ ಸ್ವರದಲ್ಲಿ ಓದಬೇಕು ಎಂಬುದು ನನ್ನ ಆಸೆ. ನಾನು ಪಾಠ ಮಾಡುವ ಮೂಡಬಿದಿರೆಯ ಕಾಲೇಜಿನಲ್ಲಿ ಇಂಥ ಕಲಿಕೆಗೆ ಬೇಕಾದ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರ ಇರುವುದು ಒಂದೇ; ಎಲ್ಲರೂ ಸರದಿಯಲ್ಲಿ ಬಳಸಬೇಕು. ನನ್ನ ಸರದಿಯ ಕೊನೆಯ ಸಂಜೆ, ಸಿದ್ಧಕಟ್ಟೆಯ ಮನೆಯಲ್ಲಿ ಕುಳಿತೇ ಇಂಟರ್ನೆಟ್ಟಿನಲ್ಲಿ ಅದು ಅಕ್ಕನ ಸ್ವರ ಕಲಿಯುವುದನ್ನು ನೋಡುತ್ತಿದ್ದೆ.

ಗುಡುಗಿತು.

"ಪ್ಲಗ್ ತೆಗೀರಿ ಮಾರಾಯ್ರೆ! ಟಿವಿ ಹೋದದ್ದು ಸಾಲದಾ ನಿಮಗೆ?" ಒಳಗಿನಿಂದ ಹೆಂಡತಿ ಕೂಗಿದಳು.

ಮೊದಲ ಗುಡುಗಿಗೆ ನಮ್ಮ ಕಡೆಯವರ ಕೈ ತಾನಾಗಿ ಗೋಡೆಗೆ ಹೋಗುತ್ತದೆ. ಪ್ರೋಗ್ರಾಂ ನಿಲ್ಲಿಸುವ ಕೀಲಿ ಒತ್ತಿದೆ, ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತೆ. ನಡುವಿನ ಕ್ಷಣದಲ್ಲಿ, ಕಲಿತದ್ದನ್ನೆಲ್ಲ ಉಳಿಸಲಾಗಿದೆ ಎಂಬ ಸಾಲು ಪರದೆಯ ಮೇಲೆ ಕಂಡಿತು. ಕಂಡಿತೆಂದೇ ನೆನಪು.

ಮರುದಿನ ಲ್ಯಾಬಿನಲ್ಲಿ, ನನ್ನ ನಂತರದ ಸರದಿಯ ಸಹೋದ್ಯೋಗಿ ಕಾಯುತ್ತಿದ್ದರು.

"ನಿಲ್ಲಿಸಿದ್ದೇನೆ ಅಂತೀರಿ. ಮತ್ತೆ ಕಾರ್ಡಿನ ಮೆಮೊರಿ ತುಂಬಾ ಕೂತದ್ದು ಯಾರು, ಭೂತವಾ?"

ಕೂತದ್ದು ನನ್ನ ಪ್ರೋಗ್ರಾಂ. ಅರ್ಧ ನಿಂತು, ಏನೂ ಮಾಡದೆ, ಜಾಗವನ್ನೂ ಬಿಡದೆ ಬಿದ್ದುಕೊಂಡಿತ್ತು. ಬಲವಂತದಿಂದ ಕೊನೆಗೊಳಿಸಿದರೆ ಮೆಮೊರಿ ಖಾಲಿಯಾಗುತ್ತದೆ. ಉಳಿಸದ ಕಲಿಕೆಯೂ ಅದರೊಡನೆ ಹೋಗುತ್ತದೆ.

"ಸೇವ್ ಆಗಿದೆಯಲ್ಲ?"

"ಆಗಿದೆ. ಕಣ್ಣಾರೆ ನೋಡಿದ್ದೇನೆ."

"ಯಾವುದಕ್ಕೂ ಒಮ್ಮೆ ಫೋಲ್ಡರ್ ನೋಡುವ."

ಫೋಲ್ಡರಿನಲ್ಲಿದ್ದದ್ದು ಹಿಂದಿನ ವಾರದ ಫೈಲು ಮಾತ್ರ. ಸ್ವರ ಇನ್ನೂ ಯಾರದೋ ಆಗಿದ್ದ ಹಂತದ್ದು. ಯಾರು ಏನು ಹೇಳಿದರೂ ಸಾಕ್ಷ್ಯ ಕೇಳುವವನು ನಾನು; ಪರದೆಯ ಆ ಸಾಲಿಗೆ ಮಾತ್ರ ಕೇಳಿರಲಿಲ್ಲ.

"ಸ್ವಲ್ಪ ಕಾಯುವನಾ?" ಈಗ ಅವರ ದನಿ ತಗ್ಗಿತ್ತು. ಬಾಗಿಲಲ್ಲಿ ಅವರ ವಿದ್ಯಾರ್ಥಿಗಳು ನಿಂತಿದ್ದರು.

ಕಾದೆವು. ಏನೂ ಅಲುಗಾಡಲಿಲ್ಲ. ಕೊನೆಗೆ ಪ್ರೋಗ್ರಾಂ ಕೊನೆಗೊಳಿಸುವ ಆಜ್ಞೆಯನ್ನು ನಾನೇ ಟೈಪ್ ಮಾಡಿದೆ. ತುಂಬಿದ ಮೆಮೊರಿ ಒಮ್ಮೆಲೇ ಸೊನ್ನೆಗೆ ಇಳಿಯಿತು. "ಉಪಕಾರ ಆಯ್ತು ಸರ್" ಎಂದು ಯಾರೋ ಹುಡುಗಿ ಹೇಳಿದಳು.

ನನ್ನ ಮುಂದಿನ ಸರದಿ ದೂರವಿತ್ತು. ಅಕ್ಕ ಆಸ್ಪತ್ರೆಯಿಂದ ಬಂದಾಗಿತ್ತು. ಬೆಳ್ತಂಗಡಿಯ ಅವಳ ಮನೆಗೆ ಆ ಹಳೆಯ ಫೈಲನ್ನೇ ಒಯ್ದೆ. ಅವಳು "ಚಾ ಕುಡ್ದು ಹೋಗು" ಎಂದು ಟೈಪ್ ಮಾಡಿದಳು. ಲ್ಯಾಪ್‌ಟಾಪ್ ಅದನ್ನು ಹೇಳಿತು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆ ಹೇಳಿದ ಹಾಗೆ.

ಅಕ್ಕ ಕತ್ತಿನ ಬ್ಯಾಂಡೇಜ್ ಮುಟ್ಟಿಕೊಂಡಳು. ಮತ್ತೆ ಟೈಪ್ ಮಾಡಿದಳು. ಅದೇ ಸ್ವರ ನನ್ನನ್ನು ಕೇಳಿತು: "ನಾನು ಹೀಗೆಯೇ ಮಾತಾಡ್ತಿದ್ದದ್ದಾ?"

"ಹೌದಲ್ಲ" ಎಂದೆ.

ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಮೂಲ ಧ್ವನಿಮುದ್ರಣ ಅದೇ ಲ್ಯಾಪ್‌ಟಾಪಿನಲ್ಲಿತ್ತು. ತೆರೆದು ಹೋಲಿಸಬಹುದಿತ್ತು. ನಾನು ತೆರೆಯಲಿಲ್ಲ, ಅವಳೂ ಕೇಳಲಿಲ್ಲ.