ಲೊಸಿವಾಲೆಯ ಎರಡು ಪಟ್ಟಿ

ಸವಾಯಿ ದ್ವೀಪದ ಆ ಊರಿನಲ್ಲಿ ಬಿಳಿ ಭಾನುವಾರ ಬಂತೆಂದರೆ ಮಕ್ಕಳದ್ದೇ ದರ್ಬಾರು. ಬಿಳಿ ಬಟ್ಟೆ ತೊಟ್ಟು ಒಬ್ಬೊಬ್ಬರಾಗಿ ಚರ್ಚಿನ ಮುಂದೆ ನಿಂತು ವಚನ ಒಪ್ಪಿಸುತ್ತಾರೆ. ಮನೆಗೆ ಹೋದ ಮೇಲೆ ದೊಡ್ಡವರೇ ಅವರಿಗೆ ಬಡಿಸಬೇಕು, ಅವರು ಉಂಡೆದ್ದ ಮೇಲೆ ತಾವು ಕೂರಬೇಕು. ಚರ್ಚಿನಲ್ಲಿ ಮಕ್ಕಳಿಗೆ ಎದುರಾಗಿ ನೆಲದ ಮೇಲೊಂದು ಚಾಪೆ ಹಾಸಿರುತ್ತದೆ. ಅದರ ಮೇಲೆ ಕೂತು, ತಡವರಿಸಿದ ಮಗುವಿಗೆ ಮುಂದಿನ ಮಾತನ್ನು ತುಟಿಯಲ್ಲೇ ಎತ್ತಿಕೊಡುವವಳು ಲೊಸಿವಾಲೆ. ಅವಳಿಂದ ಹೇಳಿಸಿಕೊಂಡ ಮಕ್ಕಳು ಈಗ ಅಪ್ಪ ಅಮ್ಮಂದಿರಾಗಿ ಹಿಂದಿನ ಬೆಂಚುಗಳಲ್ಲಿ ಕೂತು ಕತ್ತು ಉದ್ದ ಮಾಡುತ್ತಾರೆ.

ಆ ವರ್ಷ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿತ್ತು. ಕಾಗದ ಹಿಡಿದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಪಾದ್ರಿಯ ಹೆಂಡತಿ ಸಿಯೆನಿ ಅದನ್ನು ಗಮನಿಸಿ, "ಈ ಸಲ ಚಾಪೆ ಮೇಲೆ ನಾನ್ ಕೂತ್ಕೋತೀನಿ, ನೀನು ಹಾಯಾಗಿ ಬೆಂಚಲ್ಲಿರು ಲೊಸಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಒಳ್ಳೆಯ ಮನಸ್ಸಿನ ಮಾತು ಚುಚ್ಚಿದ ಹಾಗೆ ಕೆಟ್ಟ ಮಾತು ಚುಚ್ಚುವುದಿಲ್ಲ. ಗಂಡ ತೀರಿಕೊಂಡು, ಮಕ್ಕಳಿಲ್ಲದ ಆ ಹೆಂಗಸಿಗೆ ಊರಿನಲ್ಲಿ ತನ್ನದು ಅಂತ ಇದ್ದದ್ದು ಆ ಚಾಪೆಯೊಂದೇ.

"ನೋಡೋಣ ಅಮ್ಮಾವ್ರೆ" ಎಂದವಳು ಮಾರನೆಯ ದಿನವೇ ಶಾಲೆಯಲ್ಲಿ ಕಿರಿಸೊಮೆ ಮೇಷ್ಟ್ರು ಸಂಜೆ ನಡೆಸುವ ಕಂಪ್ಯೂಟರ್ ಪಾಠಕ್ಕೆ ಹೋಗಿ ಕೂತಳು. ಅವಳ ಲೆಕ್ಕಾಚಾರ ಸರಳ. ಮಡಿಲ ಮೇಲೊಂದು ಲ್ಯಾಪ್‌ಟಾಪ್, ಒಂದು ಗುಂಡಿ ಒತ್ತಿದರೆ ಮುಂದಿನ ಸಾಲು ಪರದೆಯ ತುಂಬ, ಅಂಗೈಯಗಲದ ಅಕ್ಷರದಲ್ಲಿ ಬರಬೇಕು. ಸುಮ್ಮನೆ ದೊಡ್ಡದಾಗಿ ಟೈಪು ಮಾಡಿಟ್ಟರೆ ಒಂದೊಂದು ವಚನಕ್ಕೆ ಪುಟಗಟ್ಟಲೆ ಆಗುತ್ತದೆ, ಹುಡುಕುವಷ್ಟರಲ್ಲಿ ಮಗು ಅತ್ತುಬಿಡುತ್ತದೆ. ಆಕ್ಲೆಂಡಿನಿಂದ ನೆಂಟರು ಬಂದಿಳಿದ ಹಾಗೆಲ್ಲ ಅವರ ಮಕ್ಕಳೂ ಸೇರಿ ಸರದಿ ಅದಲು ಬದಲಾಗುವುದು ಬೇರೆ. ಅದಕ್ಕೇ ಅವಳಿಗೆ ತಾನೇ ಬರೆದ ಪ್ರೋಗ್ರಾಮ್ ಬೇಕಿತ್ತು.

ಮೊದಲ ಪೆಟ್ಟು ಬೇಗನೆ ಬಿತ್ತು. ಮಕ್ಕಳ ಪಟ್ಟಿ ಮಾಡಿ, ಒಂದನೆಯದನ್ನು ತೋರಿಸು ಎಂದರೆ ಯಂತ್ರ ಎರಡನೆಯ ಮಗುವಿನ ಸಾಲು ತೋರಿಸಿತು.

"ಅದು ಎಣಿಸೋದು ಸೊನ್ನೆಯಿಂದ ಕಣಮ್ಮ" ಎಂದರು ಮೇಷ್ಟ್ರು. "ಮೊದಲನೇದರ ನಂಬರು ಸೊನ್ನೆ."

"ಮೊದಲು ನಿಲ್ಲೋದು ಚರ್ಚಿನ ಧರ್ಮಾಧಿಕಾರಿ ಮೊಮ್ಮಗಳು ಮೇಷ್ಟ್ರೆ. ನಿನ್ ಮೊಮ್ಮಗಳು ಸೊನ್ನೆ ಅಂತ ಅವನಿಗೆ ನೀವೇ ಹೋಗಿ ಹೇಳ್ಬನ್ನಿ."

ಪಾಠದ ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ, ತಿದ್ದಿಕೊಂಡಳು. ಇನ್ನೊಂದು ಸಲ ಎಲ್ಲ ಮಕ್ಕಳ ಸಾಲನ್ನೂ ಒಂದೇ ಹೆಸರಿನ ಡಬ್ಬಿಗೆ ಹಾಕುತ್ತ ಹೋಗಿ, ಕೊನೆಗೆ ಹಾಕಿದ್ದೊಂದೇ ಉಳಿದು, ಅಭ್ಯಾಸದಲ್ಲಿ ಬಂದವರಿಗೆಲ್ಲ ಯಂತ್ರ ಒಂದೇ ವಚನ ತೋರಿಸಿತು. ಮಕ್ಕಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಹಠ ಎಂದರೆ ಲೊಸಿವಾಲೆಯ ಹಠ. ವಯಸ್ಸಾದ ಮೇಲೆ ಹೊಸದನ್ನು ಕಲಿಯಲು ಬುದ್ಧಿಗಿಂತ ಹೆಚ್ಚಾಗಿ ನಾಚಿಕೆ ಬಿಡುವ ಧೈರ್ಯ ಬೇಕು, ಅದು ಅವಳಲ್ಲಿ ಬೇಕಾದಷ್ಟಿತ್ತು.

ಅಷ್ಟಕ್ಕೇ ನಿಲ್ಲದೆ ಇನ್ನೊಂದು ಜಾಣತನ ಮಾಡಿದಳು. ಭಾನುವಾರದ ಪಟ್ಟಿಯ ಜೊತೆಗೆ ಅಭ್ಯಾಸದ್ದೊಂದು ಪಟ್ಟಿ ಬೇಕೆನಿಸಿ, 'ಅಭ್ಯಾಸ' ಎಂದರೆ 'ಭಾನುವಾರ' ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಳು. ಅಷ್ಟಕ್ಕೇ ಅದೇ ಹೆಸರುಗಳ ಇನ್ನೊಂದು ಪಟ್ಟಿ ಸಿದ್ಧವಾಯಿತು ಎಂದುಕೊಂಡಳು. ಯಾವ ಮಗುವಿಗೆ ವಚನ ಬಾಯಿಗೆ ಬಂತೋ ಅದನ್ನು ಅಭ್ಯಾಸದ ಪಟ್ಟಿಯಿಂದ ಅಳಿಸುವುದು, ಎಲ್ಲವನ್ನೂ ಉಳಿಸಿ ಯಂತ್ರ ಮುಚ್ಚುವುದು. ಪಟ್ಟಿ ದಿನದಿನಕ್ಕೆ ಕರಗಿ, ಶನಿವಾರ ಬೆಳಿಗ್ಗೆ ಒಬ್ಬನೇ ಉಳಿದ, ಸೋಮಾರಿ ಎತುವಾಲೆ. ಅವಳು ಹಿಗ್ಗಿನಿಂದ ನಾಳೆಗೆ ಅಂತ ಭಾನುವಾರದ ಪಟ್ಟಿ ತೆರೆದಳು. ಅಲ್ಲೂ ಎತುವಾಲೆ ಒಬ್ಬನೇ ಇದ್ದ.

ಅವಳು ಅಳಿಸಿದ್ದು ಇನ್ನೊಂದು ಪಟ್ಟಿಯಿಂದ, ಇದನ್ನು ಮುಟ್ಟಿಯೇ ಇರಲಿಲ್ಲ. ಮೇಷ್ಟ್ರಿಗೆ ಫೋನು ಹಚ್ಚಿದರೆ ಅವರು ಹಬ್ಬಕ್ಕೆ ತಮ್ಮೂರಿಗೆ ಹೊರಟು ಹಡಗಿನಲ್ಲಿದ್ದರು, ಫೋನು ಸಿಗಲಿಲ್ಲ. ವಿಷಯ ತಿಳಿದ ಸಿಯೆನಿ ಬಂದು ಬೆನ್ನು ಸವರಿ, "ಹೋಗ್ಲಿ ಬಿಡು. ನಾಳೆ ನಾನೇ ಕೂತ್ಕೋತೀನಿ" ಎಂದಳು.

"ಸಂಜೆವರೆಗೂ ಟೈಮ್ ಕೊಡಿ ಅಮ್ಮಾವ್ರೆ" ಎಂದಳು ಲೊಸಿವಾಲೆ.

ಮಧ್ಯಾಹ್ನ ಅಣ್ಣ ಪೆಲೆನಾತೊನ ಮನೆಯಲ್ಲಿ ಊಟ. ಅವನಿಗೆ ಹೋದ ವರ್ಷವಷ್ಟೇ ಮನೆತನದ ಪಟ್ಟ ಕಟ್ಟಿ ಮಾವುಲೊ ಎಂಬ ಹೆಸರು ಕೊಟ್ಟಿದ್ದರು. ಊರಿಗೆಲ್ಲ ಮಾವುಲೊ, ಒಳಗೆ ಹೆಂಡತಿಗೆ ಹಳೆಯ ಪೆಲೆನಾತೊನೇ. ಲೊಸಿವಾಲೆಗೆ ತುತ್ತು ಇಳಿಯುತ್ತಿರಲಿಲ್ಲ. ಅವಳನ್ನು ನಗಿಸಲೆಂದೋ, ನಿಜವಾಗಿ ಹೊಟ್ಟೆಬಾಕತನಕ್ಕೋ, ಅಣ್ಣ ಖಾಲಿ ತಟ್ಟೆ ಹೆಂಡತಿಯ ಕಡೆ ತಳ್ಳಿದ.

"ಫುವಾ, ಇನ್ನೊಂದ್ ತಟ್ಟೆ ಪಲುಸಾಮಿ ಹಾಕು."

"ಈಗ್ ತಿಂದ್ರಲ್ಲ."

"ತಿಂದೋನು ಮಾವುಲೊ. ಪಾಪ, ಪೆಲೆನಾತೊ ಬೆಳಿಗ್ಗೆಯಿಂದ ಉಪವಾಸ ಇದಾನೆ."

"ಹೆಸರು ಎರಡಿದ್ರೆ ಹೊಟ್ಟೆನೂ ಎರಡು ಬಂತಾ? ಮಾವುಲೊ ತಿಂದಿದ್ದೆಲ್ಲ ಪೆಲೆನಾತೊನ ಹೊಟ್ಟೆಗೇ ಹೋಗಿದೆ. ಎದ್ದೇಳಿ ಸಾಕು."

ಲೊಸಿವಾಲೆ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅಣ್ಣನ ಹೊಟ್ಟೆಯನ್ನೇ ನೋಡಿದಳು.

"ಏನೇ ಹಾಗ್ ನೋಡ್ತೀಯ?"

"ನಾನ್ ಇನ್ನೊಂದು ಪಟ್ಟಿ ಮಾಡೇ ಇಲ್ಲ ಅಣ್ಣ. ಇರೋದಕ್ಕೇ ಪಟ್ಟ ಕಟ್ಟಿ ಇನ್ನೊಂದು ಹೆಸರು ಇಟ್ಟಿದೀನಿ" ಎಂದು ಕೈ ತೊಳೆದು ಓಡಿದಳು. ಅಣ್ಣ ಹೆಂಡತಿಯ ಮುಖ ನೋಡಿದ. ಹೆಂಡತಿ ಅವಳು ಬಿಟ್ಟ ತಟ್ಟೆಯನ್ನು ಅವನ ಮುಂದೆ ಇಟ್ಟಳು.

ನಕಲು ಬೇಕಾದರೆ ನಕಲು ಮಾಡು ಅಂತಲೇ ಯಂತ್ರಕ್ಕೆ ಹೇಳಬೇಕು ಎಂದು ಮೇಷ್ಟ್ರು ಯಾವತ್ತೋ ಅಂದಿದ್ದರು. ಆಗ ಆ ಮಾತು ಅವಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು. ಈಗ ಸಾಲು ತಿದ್ದಿದಳು. ಬರೀ ಎತುವಾಲೆಯ ಹೆಸರಿಟ್ಟುಕೊಂಡು, ಒಂದರಿಂದ ಅಳಿಸಿ ಇನ್ನೊಂದನ್ನು ತೆರೆದು ನೋಡಿದಳು. ಅವನು ಅಲ್ಲೇ ಇದ್ದ. ಸೋಮಾರಿ ಎತುವಾಲೆಯನ್ನು ಕಂಡು ಯಾರಿಗಾದರೂ ಅಷ್ಟು ಸಂತೋಷವಾದದ್ದು ಅದೇ ಮೊದಲಿರಬೇಕು.

ಆದರೆ ಹೋದ ಸಾಲುಗಳು ಹೋಗಿಯೇ ಇದ್ದವು. ಅವಳು ಮತ್ತೆ ಟೈಪು ಮಾಡತೊಡಗಿದಳು. ಧರ್ಮಾಧಿಕಾರಿಯ ಮೊಮ್ಮಗಳದ್ದು, ಅವಳಿ ಮಕ್ಕಳದ್ದು, ಆಕ್ಲೆಂಡಿನ ಹುಡುಗಿಯದ್ದು, ಒಂದಾದ ಮೇಲೊಂದು, ತುಟಿಯಲ್ಲಿ ಗುನುಗುತ್ತ. ಬಿಸಿಲು ಇಳಿಯುವ ಹೊತ್ತಿಗೆ ಸಿಯೆನಿ ಬಂದು ಬಾಗಿಲಲ್ಲಿ ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಲೊಸಿ, ಯಾವ ಕಾಗದ ನೋಡ್ಕೊಂಡು ಬರೀತಿದೀಯ?"

"ಕಾಗದಾನಾ?" ಅವಳು ಬೆರಳು ನಿಲ್ಲಿಸಿ ಪಕ್ಕ ನೋಡಿದಳು. ಅಲ್ಲಿ ಆರಿದ ಕೋಕೋ ಲೋಟ ಬಿಟ್ಟರೆ ಏನೂ ಇರಲಿಲ್ಲ. "ಕಾಗದ ಯಾವುದೂ ಇಲ್ಲ ಅಮ್ಮಾವ್ರೆ."

ಕಣ್ಣು ಹೋದರೆ ಚಾಪೆಯೂ ಹೋಯಿತು ಎಂದುಕೊಂಡು ತಿಂಗಳುಗಟ್ಟಲೆ ಒಳಗೊಳಗೇ ಸವೆದಿದ್ದಳು. ಕೈಯಲ್ಲಿ ಕಾಗದ ಇರುತ್ತಿದ್ದುದರಿಂದ, ತಾನು ಓದಿ ಹೇಳುತ್ತಿದ್ದೇನೆ ಎಂದೇ ಇಷ್ಟು ವರ್ಷ ನಂಬಿದ್ದಳು.

"ಹಾಗಾದ್ರೆ ಈ ಮಿಷನ್ನು ಯಾರಿಗೆ?" ಎಂದಳು ಸಿಯೆನಿ ಮೆಲ್ಲಗೆ.

ಲೊಸಿವಾಲೆಗೆ ಅಳು ನಗು ಎರಡೂ ಒಟ್ಟಿಗೇ ಬಂದವು. "ನಾಳೆ ಬನ್ನಿ, ಹೇಳ್ತೀನಿ" ಎಂದಳು.

ಭಾನುವಾರ ಚಾಪೆಯ ಮೇಲೆ ಇಬ್ಬರು ಕೂತಿದ್ದರು. ಲ್ಯಾಪ್‌ಟಾಪು ಸಿಯೆನಿಯ ಮಡಿಲಲ್ಲಿತ್ತು. ಅಕ್ಷರಗಳು ಅಂಗೈಯಗಲ ಬರುತ್ತಿದ್ದವು, ಒಂದು ಸಾಲೂ ತಪ್ಪಲಿಲ್ಲ. ನಡುವೆ ಅವಳಿಗಳಲ್ಲಿ ಚಿಕ್ಕವನು ತಡೆದು ನಿಂತ. ಸಿಯೆನಿ ಗುಂಡಿ ಒತ್ತಿ, ಸಾಲು ಓದಿ, ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಹುಡುಗ ವಚನ ಮುಂದುವರಿಸಿಯಾಗಿತ್ತು. ಅವನ ಕಣ್ಣು ಲೊಸಿವಾಲೆಯ ತುಟಿಯ ಮೇಲಿತ್ತು.